ಹಳೇ ಮನೆ ಕೆಡವಬೇಕಾ, ಉಳಿಸಬಹುದಾ? ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ತಾತ ಕಟ್ಟಿಸಿದ ಮನೆ ಇನ್ನೂ ನಿಂತಿರುವವರಿಗೆ ಇದು. ಕೆಲವರು ಅದರಲ್ಲೇ ಇದ್ದಾರೆ. ಕೆಲವರು ಬೀಗ ಹಾಕಿ ಹೋಗಿದ್ದಾರೆ. ಇನ್ನು ಕೆಲವರಿಗೆ ಅಣ್ಣತಮ್ಮಂದಿರ ಜೊತೆ ಮಾತೇ ಮುಗಿದಿಲ್ಲ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕಾನೂನಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮ ವಕೀಲರದ್ದು. ಗೋಡೆಯ ವಿಷಯದಲ್ಲಿ, ಮನೆಯನ್ನು ಕಣ್ಣಾರೆ ನೋಡಿದ ಎಂಜಿನಿಯರದ್ದು.

ನಮ್ಮ ಮನೆ ಪಾರಂಪರಿಕ ಕಟ್ಟಡ ಅನ್ನಿಸಿಕೊಳ್ಳಲು ಎಷ್ಟು ಹಳೇದಿರಬೇಕು?

ಕಾಗದದ ಮೇಲೆ ನೂರು ವರ್ಷ. 1958ರ ಕೇಂದ್ರ ಕಾಯ್ದೆಯಲ್ಲೂ 1961ರ ರಾಜ್ಯ ಕಾಯ್ದೆಯಲ್ಲೂ ಪ್ರಾಚೀನ ಸ್ಮಾರಕಕ್ಕೆ ಆ ಲೆಕ್ಕ ಇದೆ. ಆದರೆ ಅವು ಕೋಟೆ, ದೇವಸ್ಥಾನ, ಶಾಸನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕಾಯ್ದೆಗಳು. ನಿಮ್ಮ ತಾತನ ಮನೆ ಅವುಗಳ ಪಟ್ಟಿಗೆ ಸೇರುವುದು ತೀರಾ ಅಪರೂಪ.

ಮನೆ ಯಾವುದರಿಂದ ಕಟ್ಟಿದ್ದು ಅನ್ನುವುದೇ ಕೆಲಸಕ್ಕೆ ಬರುವ ಪ್ರಶ್ನೆ. ಒಂದೂವರೆ ಅಡಿ ದಪ್ಪದ ಗೋಡೆ, ಸುಣ್ಣದ ಗಾರೆ, ಮರದ ತೊಲೆ ಮತ್ತು ಜಂತೆ (ತೊಲೆಯ ಮೇಲಿನ ಸಣ್ಣ ಅಡ್ಡಮರ), ಮೇಲೆ ಮದ್ರಾಸ್ ತಾರಸಿ (ಮರದ ಮೇಲೆ ಇಟ್ಟಿಗೆ-ಸುಣ್ಣದಿಂದ ಕಟ್ಟಿದ ಚಾವಣಿ) ಅಥವಾ ಮಂಗಳೂರು ಹೆಂಚು. ಇವಿದ್ದರೆ ಮನೆಗೆ ಎಪ್ಪತ್ತು ವರ್ಷವೋ ನೂರಿಪ್ಪತ್ತೋ, ನೋಡಿಕೊಳ್ಳುವ ರೀತಿ ಒಂದೇ. ಆರ್‌ಸಿಸಿ ಮನೆಯ ಉಪಚಾರ ಇದಕ್ಕೆ ಮಾಡಿದರೆ ಕೆಡುತ್ತದೆ.

ಹಾಗಾದರೆ ಎಲ್ಲ ಹಳೇ ಮನೆಯನ್ನೂ ಉಳಿಸಬೇಕಾ?

ಬೇಡ. ಮುಂಭಾಗ ಒಡೆದು ಎರಡು ಅಂಗಡಿ ಮಾಡಿ, ಹಿಂದೆ ಹಿತ್ತಲಿನ ತುಂಬಾ ಬಾಡಿಗೆ ಕೋಣೆ ಕಟ್ಟಿ, ತಾರಸಿ ತೆಗೆದು ಶೀಟ್ ಹಾಕಿದ ಮನೆಯಲ್ಲಿ ಉಳಿಸುವುದು ಏನು ಉಳಿದಿದೆ? ಸುಮ್ನೆ ಭಾವುಕರಾಗಬೇಡಿ. ಆದರೆ ಬೀದಿಯಿಂದ ನೋಡಿದಾಗ ಗೇಟು, ಜಗಲಿ, ಮಂಕಿ ಟಾಪ್ (ಕಿಟಕಿಯ ಮೇಲಿನ ಚೂಪು ಪಟ್ಟಿಗಳ ಮರದ ಮರೆ), ಒಳಗೆ ಹಜಾರ ಎಲ್ಲ ಮೊದಲಿನಂತೆಯೇ ಇದ್ದರೆ ಯೋಚಿಸಬೇಕು. ಅಂಥ ಮನೆಗಳು ಒಂದು ಬೀದಿಗೆ ಒಂದೋ ಎರಡೋ ಉಳಿದಿವೆ, ಅಷ್ಟೇ.

ಈ ಬಡಾವಣೆಗಳ ಮನೆಗಳಿಗೆ ಅಷ್ಟೇನು ವಿಶೇಷ?

ಚಾಮರಾಜಪೇಟೆ ಆದದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳೂ ಅದೇ ದಶಕದವು. 1898ರಲ್ಲಿ ಊರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸಾಯತೊಡಗಿದರು. ಗಾಳಿ ಬೆಳಕಿರುವ ಕಡೆ ಮನೆ ಮಾಡಿಕೊಳ್ಳಿ ಎಂದು ಸರ್ಕಾರವೇ ಒತ್ತಾಯಿಸಿದ್ದರಿಂದ ಈ ಬಡಾವಣೆಗಳು ಬೇಗ ತುಂಬಿದವು. ದಂಡು ಪ್ರದೇಶದಲ್ಲಿ 1906ರಿಂದ 1910ರ ಹೊತ್ತಿಗೆ ಎದ್ದ ಫ್ರೇಜರ್ ಟೌನ್ ಕೂಡ ಪ್ಲೇಗಿನ ಕೂಸೇ.

ಆ ಭಯ ಮನೆಗಳ ಆಕಾರದಲ್ಲಿ ಇವತ್ತಿಗೂ ಕಾಣುತ್ತದೆ. ಸುತ್ತ ಬಿಟ್ಟ ಜಾಗ, ಎತ್ತರದ ಚಾವಣಿ, ಗೋಡೆಯ ತುದಿಯಲ್ಲಿ ಗಾಳಿ ಕಿಂಡಿ, ಅಗಲವಾದ ನೇರ ರಸ್ತೆ. ಹಿಂದೆ ಒಂದು ಸಣ್ಣ ಓಣಿ. ಆ ಓಣಿ ಮಲ ಹೊರುವವರು ಮುಂಬಾಗಿಲ ಕಡೆ ಸುಳಿಯದಿರಲಿ ಎಂದು ಬಿಟ್ಟಿದ್ದು. ನಿವೇಶನಗಳನ್ನೂ ಜಾತಿವಾರು ಹಂಚಿದ್ದರು. ಹಳೇ ಬೆಂಗಳೂರಿನ ಗುಣಗಾನ ಮಾಡುವಾಗ ಇದನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮನೆ ಉಳಿಸುವುದು ಅಂದರೆ ಆ ಕಾಲ ಚೆನ್ನಾಗಿತ್ತು ಎಂದು ಸರ್ಟಿಫಿಕೇಟ್ ಕೊಡುವುದಲ್ಲ.

ನೂರು ವರ್ಷ ಆಯಿತು, ತಾನಾಗೇ ಬೀಳುವುದು ಸಹಜ ಅಲ್ವಾ?

ಅಲ್ಲ. ವಯಸ್ಸಿನಿಂದ ಬಿದ್ದ ಮನೆ ಕಡಿಮೆ. ನೀರಿನಿಂದ ಬಿದ್ದದ್ದೇ ಜಾಸ್ತಿ.

ನೀರು ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಮೇಲಿನಿಂದ. ತಾರಸಿಯ ನೀರು ಹೋಗುವ ಕೊಳವೆಗೆ ಎಲೆ ಕಟ್ಟಿಕೊಳ್ಳುತ್ತದೆ, ನೀರು ನಿಲ್ಲುತ್ತದೆ, ಸಣ್ಣ ಬಿರುಕಿನಲ್ಲಿ ಇಳಿದು ತೊಲೆಯ ತುದಿಗೆ ತಲುಪುತ್ತದೆ. ತೊಲೆ ನಡುವೆ ಗಟ್ಟಿಯಾಗೇ ಇರುತ್ತದೆ. ಗೋಡೆಯೊಳಗೆ ಹುದುಗಿದ ತುದಿ ಮಾತ್ರ ಕೊಳೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ.

ಎರಡನೆಯದು ಕೆಳಗಿನಿಂದ. ಇದರಲ್ಲಿ ನಿಮ್ಮ ತಪ್ಪಿಲ್ಲ. ಪ್ರತಿ ಸಲ ಡಾಂಬರು ಹಾಕುವಾಗ ಹಳೇದನ್ನು ಕೆರೆಯದೆ ಮೇಲೆ ಮೇಲೆ ಹಾಕಿದ್ದಾರೆ. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದೇ ಮೆಟ್ಟಿಲು. ಕೆಲವು ಮನೆಗೆ ಇಳಿದು ಹೋಗಬೇಕು. ಮಳೆ ನೀರು ಅಡಿಪಾಯದ ಹತ್ತಿರವೇ ನಿಂತು, ಗೋಡೆ ಅದನ್ನು ಹೀರಿಕೊಂಡು ಸೊಂಟದ ಎತ್ತರಕ್ಕೆ ತೇವ ಏರುತ್ತದೆ. ಅದರ ಮೇಲೆ ನಾವು ಅಂಗಳಕ್ಕೆಲ್ಲ ಸಿಮೆಂಟ್ ಬಳಿದು ಮಣ್ಣಿನ ಉಸಿರೂ ಕಟ್ಟಿಸಿದ್ದೇವೆ.

ಮೂರನೆಯದು ಒಳಗಿನಿಂದ. ಹಿಂದೆ ಹಿತ್ತಲಲ್ಲಿದ್ದ ಬಚ್ಚಲು ಈಗ ಮಲಗುವ ಕೋಣೆಯ ಪಕ್ಕ ಬಂದಿದೆ. ಗೋಡೆ ಕೊರೆದು ಹಾಕಿದ ಪೈಪು ಒಸರುತ್ತಲೇ ಇರುತ್ತದೆ.

ತೇವ ಬಂದಲ್ಲಿಗೆ ಗೆದ್ದಲು ಬರುತ್ತದೆ. ತಾರಸಿಯ ಸುತ್ತಿನ ಕೈಪಿಡಿ ಗೋಡೆಯ (ಪ್ಯಾರಪೆಟ್) ಸಂದಿಯಲ್ಲಿ ಅರಳಿ ಗಿಡ ಹುಟ್ಟುತ್ತದೆ. ಎರಡು ಎಲೆ ಇರುವಾಗ ಕಿತ್ತರೆ ಐದು ನಿಮಿಷದ ಕೆಲಸ. ಐದು ವರ್ಷ ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ.

ಬೀಗ ಹಾಕಿಟ್ಟಿದ್ದೇವೆ. ಯಾರೂ ಇಲ್ಲದಿದ್ದರೆ ಸವೆತವೂ ಕಡಿಮೆ ಅಲ್ವಾ?

ತಿರುಗುಮುರುಗು. ಜನ ಇದ್ದರೆ ಕಿಟಕಿ ತೆರೆಯುತ್ತಾರೆ, ಸೋರಿದ್ದು ಅದೇ ದಿನ ಗೊತ್ತಾಗುತ್ತದೆ. ಬೀಗ ಹಾಕಿದ ಮನೆಯಲ್ಲಿ ಒಂದು ಮಳೆಗಾಲದ ಸೋರಿಕೆ ಮುಂದಿನ ಯುಗಾದಿಗೆ ಬಂದಾಗ ಕಾಣುತ್ತದೆ. ಅಷ್ಟರಲ್ಲಿ ಹಿತ್ತಾಳೆ ಹಿಡಿ, ಬಾಗಿಲಿನ ಕೊಂಡಿ, ಕೆಲವೊಮ್ಮೆ ಬಾಗಿಲೇ ಮಾಯ.

ಇರಲು ಆಗದಿದ್ದರೆ ತಿಂಗಳಿಗೊಮ್ಮೆ ಯಾರಾದರೂ ಬಂದು ಎಲ್ಲ ಕಿಟಕಿ ತೆರೆದು, ತಾರಸಿ ಗುಡಿಸಿ, ಫೋಟೋ ಕಳಿಸುವ ಏರ್ಪಾಡು ಮಾಡಿ. ಅಮೆರಿಕದಲ್ಲಿರುವ ಮಕ್ಕಳು ಕೇಳುವ ಮೊದಲ ಪ್ರಶ್ನೆ 'ಸಿಸಿಟಿವಿ ಹಾಕಿಸೋಣವಾ' ಅಂತ. ಹಾಕಿಸಿ. ಆದರೆ ಕ್ಯಾಮೆರಾ ತಾರಸಿ ಗುಡಿಸುವುದಿಲ್ಲ.

ಮನೆ ನಾಲ್ಕು ಜನರ ಹೆಸರಿನಲ್ಲಿದೆ, ಒಮ್ಮತ ಇಲ್ಲ. ಏನು ಮಾಡುವುದು?

ನೀರಿನ ನಂತರ ಮನೆ ಬೀಳಿಸುವುದು ಇದೇ. ತಾತ ಉಯಿಲು ಬರೆಯದೆ ಹೋದರು. ಖಾತೆ ಇನ್ನೂ ಅವರ ಹೆಸರಿನಲ್ಲೇ ಇದೆ. ದೊಡ್ಡಪ್ಪನ ಮಕ್ಕಳಿಗೆ ಮಾರಬೇಕು, ಚಿಕ್ಕಪ್ಪನಿಗೆ ಬೇಡ, ಅತ್ತೆಯಂದಿರನ್ನು ಯಾರೂ ಕೇಳಿಯೇ ಇಲ್ಲ. ಕೇಳಲೇಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರ ಸಹಿ ಇಲ್ಲದೆ ಮಾಡಿದ ಒಪ್ಪಂದ ಆಮೇಲೆ ಕುತ್ತಿಗೆಗೆ ಬರುತ್ತದೆ.

ಮೊದಲು ಎರಡು ವಿಷಯ ಬೇರೆ ಮಾಡಿ. ಮಾರುವುದೋ ಇಟ್ಟುಕೊಳ್ಳುವುದೋ ಒಂದು. ಈ ಮಳೆಗಾಲಕ್ಕೆ ಮುಂಚೆ ಸೋರುವುದನ್ನು ನಿಲ್ಲಿಸುವುದು ಇನ್ನೊಂದು. ಮೊದಲನೆಯದು ಹತ್ತು ವರ್ಷ ಹಿಡಿಯಬಹುದು. ಎರಡನೆಯದಕ್ಕೆ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದರೆ ಸಾಕು. 'ದುರಸ್ತಿಗೆ ಕೊಟ್ಟ ಹಣದಿಂದ ಯಾರ ಪಾಲೂ ಹೆಚ್ಚುಕಡಿಮೆ ಆಗುವುದಿಲ್ಲ' ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಕೇಸು ಕೋರ್ಟಿನಲ್ಲಿದ್ದು ತಡೆಯಾಜ್ಞೆ ಇದ್ದರೂ, ತುರ್ತು ದುರಸ್ತಿಗೆ ಅನುಮತಿ ಕೋರಿ ಅರ್ಜಿ ಹಾಕಲು ದಾರಿ ಇದೆ. ವಕೀಲರನ್ನು ಅದನ್ನೇ ನೇರವಾಗಿ ಕೇಳಿ. ಕೇಳದಿದ್ದರೆ ಅವರಾಗಿ ಹೇಳುವುದು ಕಡಿಮೆ.

ಹಳೇ ಬಾಡಿಗೆದಾರರು ಬಿಡುತ್ತಿಲ್ಲ. ಅದಕ್ಕೇ ನಾವು ರಿಪೇರಿ ಮಾಡಿಸಿಲ್ಲ.

1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಿಂದ ಬಂದ ಗಂಟು ಇದು. ಬಾಡಿಗೆ ಏರಲಿಲ್ಲ, ಹಾಗಾಗಿ ಮಾಲೀಕರು ರಿಪೇರಿ ಬಿಟ್ಟರು. ರಿಪೇರಿ ಇಲ್ಲ ಎಂದು ಬಾಡಿಗೆದಾರರು ಇನ್ನಷ್ಟು ಪಟ್ಟು ಹಿಡಿದರು. 1999ರ ಕಾಯ್ದೆ ಬಂದ ಮೇಲೂ ಹಳೇ ಪ್ರಕರಣಗಳು ಎಳೆದಾಡಿದವು. ಕೆಲವರಿಗೆ ಮನೆ ಬೀಳಲಿ ಎಂಬ ಆಸೆಯೇ ಇರುತ್ತದೆ, ಬಿದ್ದರೆ ಬಾಡಿಗೆದಾರ ಎದ್ದು ಹೋಗುತ್ತಾನಲ್ಲ ಅಂತ. ಅದು ಅಪಾಯದ ಆಟ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. ಅದು ಸಾರ್ವಜನಿಕ ಕಟ್ಟಡ, ಕೆಳಗೆ ಅಂಗಡಿ ಸಾಲು ನಡೆಯುತ್ತಲೇ ಇತ್ತು. ನಿಮ್ಮ ಚಾವಣಿ ಯಾರ ಮೇಲಾದರೂ ಬಿದ್ದರೆ ಹೊಣೆ ನಿಮ್ಮದೇ.

ಪಕ್ಕದ ಮನೆ ಕೆಡವುತ್ತಿದ್ದಾರೆ. ಸರ್ಕಾರ ತಡೆಯಲು ಆಗುವುದಿಲ್ಲವಾ?

ಖಾಸಗಿ ಮನೆಯಾದರೆ ಹೆಚ್ಚಿನ ಸಲ ಆಗುವುದಿಲ್ಲ. ಮಾಲೀಕರು ಮನಸ್ಸು ಮಾಡಿದರೆ ಮುಗಿಯಿತು. ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮ ಮಾಡಿ, ಪಟ್ಟಿ ಮಾಡಿ, ದರ್ಜೆ ಕೊಟ್ಟಿತು. ನಮ್ಮಲ್ಲಿ ಅಷ್ಟು ಗಟ್ಟಿ ಹಿಡಿತ ಬರಲಿಲ್ಲ.

ಆದರೂ ಜನ ಎದ್ದು ನಿಂತರೆ ಕೆಲವೊಮ್ಮೆ ಉಳಿಯುತ್ತದೆ. 1980ರ ದಶಕದಲ್ಲಿ ಅಠಾರ ಕಚೇರಿಯನ್ನೇ ಕೆಡವುವ ಯೋಚನೆ ಇತ್ತು. ಊರಿನವರು ವಿರೋಧಿಸಿ ಕೋರ್ಟಿಗೂ ಹೋದರು. ಕೆಂಪು ಕಟ್ಟಡ ಉಳಿಯಿತು, ಹೈಕೋರ್ಟ್ ಇವತ್ತಿಗೂ ಅಲ್ಲೇ ಇದೆ.

ಮನೆಯ ಉದಾಹರಣೆ ಬೇಕೆಂದರೆ ಮೈಸೂರಿನ ಯಾದವಗಿರಿಗೆ ಹೋಗಿ. ಅಲ್ಲಿರುವ ಆರ್. ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದ್ದರು. ಒಂದಷ್ಟು ಭಾಗ ಹೋಗಿಯೂ ಇತ್ತು. ಪತ್ರಿಕೆಗಳಲ್ಲಿ ಬಂದ ಮೇಲೆ ಕೆಲಸ ನಿಂತಿತು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಸರ್ಕಾರದ ದುಡ್ಡು ಯಾಕೆ ಎಂಬ ಆಕ್ಷೇಪವೂ ಬಂತು. ಕೊನೆಗೆ ಮಹಾನಗರ ಪಾಲಿಕೆ ಮನೆಯನ್ನು ಕೊಂಡು, ದುರಸ್ತಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಹೆಸರಾಂತ ಲೇಖಕರ ಮನೆಗೇ ಐದು ವರ್ಷ ಹಿಡಿಯಿತು. ಶಾಲೆ ಮೇಷ್ಟ್ರೊಬ್ಬರು ಕಟ್ಟಿಸಿದ ಮನೆಗೆ ಯಾರು ಬರುತ್ತಾರೆ? ಅದಕ್ಕೇ ಹೇಳುವುದು, ಉಳಿಸುವವರು ಮನೆಯೊಳಗೇ ಇರಬೇಕು.

ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿದರೆ ಮನೆ ಮಾರಲು ಆಗುವುದಿಲ್ಲ ಅಂತಾರೆ. ನಿಜವಾ?

ಪಟ್ಟಿಗೆ ಸೇರಿಸುವುದೂ ಸ್ವಾಧೀನ ಮಾಡಿಕೊಳ್ಳುವುದೂ ಬೇರೆ ಬೇರೆ. ಪಟ್ಟಿಯಲ್ಲಿದ್ದರೂ ಮಾಲೀಕತ್ವ ನಿಮ್ಮದೇ, ಮಾರಬಹುದು. ಬದಲಾವಣೆಗೆ ಅನುಮತಿ ಬೇಕಾಗುತ್ತದೆ, ಕೆಳಗಿನ ದರ್ಜೆಯಾದರೆ ಒಳಗಿನ ಬದಲಾವಣೆಗೆ ಸಡಿಲಿಕೆಯೂ ಇರುತ್ತದೆ. ಬೆಲೆಯ ಭಯ ಮಾತ್ರ ನ್ಯಾಯವಾದದ್ದೇ. ಪಕ್ಕದ ಅರವತ್ತು-ತೊಂಬತ್ತು ನಿವೇಶನದಲ್ಲಿ ನಾಲ್ಕು ಮಹಡಿ ಎದ್ದಿರುವಾಗ, ನಿಮ್ಮೊಬ್ಬರಿಗೆ ಒಂದೇ ಮಹಡಿಯಲ್ಲಿ ಇರಿ ಅನ್ನುವುದು ಎಷ್ಟು ಸರಿ? ಕಟ್ಟದೆ ಬಿಟ್ಟ ಹಕ್ಕನ್ನು ಬೇರೆಯವರಿಗೆ ಮಾರಿಕೊಳ್ಳುವ ಟಿಡಿಆರ್ ವ್ಯವಸ್ಥೆ ಮುಂಬೈಯಲ್ಲೂ ಅಹಮದಾಬಾದಿನ ಹಳೇ ಕೇರಿಗಳಾದ ಪೋಳ್‌ಗಳಲ್ಲೂ ಇದೆ. ಉಳಿಸಿ ಎಂದು ಉಪದೇಶ ಮಾಡುವವರು ಮೊದಲು ಇಂಥದ್ದನ್ನು ಕೇಳಬೇಕು. ಬರೀ ಫಲಕ ಕೊಟ್ಟು ಕೈ ತೊಳೆದುಕೊಂಡರೆ ಯಾವ ಮಾಲೀಕರೂ ಒಪ್ಪುವುದಿಲ್ಲ.

ಒಂದು ಎಚ್ಚರಿಕೆ. ಬೆಂಗಳೂರು ಕೋಟೆ ಮತ್ತು ಟಿಪ್ಪು ಅರಮನೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಮ್ಮ ಮನೆ ಆ ಅಳತೆಯೊಳಗಿದ್ದರೆ ರಿಪೇರಿಗೂ ಅನುಮತಿ ಬೇಕು.

ಎಂಜಿನಿಯರ್ ಬಂದು ನೋಡಿ 'ಲೈಫ್ ಮುಗಿದಿದೆ, ಒಡೆಸಿ' ಅಂದರು. ನಂಬಬೇಕಾ?

ಅವರು ತೊಲೆಯ ತುದಿ ನೋಡಿದರಾ? ಬಿರುಕಿನ ಮೇಲೆ ಗುರುತು ಹಾಕಿ ಕೆಲವು ತಿಂಗಳ ನಂತರ ಅದು ಅಗಲವಾಗಿದೆಯಾ ಎಂದು ಪರೀಕ್ಷಿಸಿದರಾ? ಅಥವಾ ಬಾಗಿಲಲ್ಲಿ ನಿಂತು ಹೇಳಿದರಾ? ಕಬ್ಬಿಣ ಮತ್ತು ಕಾಂಕ್ರೀಟ್ ಮಾತ್ರ ಓದಿದವರಿಗೆ ಸುಣ್ಣದ ಗೋಡೆ ಅಂದರೆ ಭಯ. ಅವರ ತಪ್ಪಲ್ಲ, ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಹಳೇ ಕಟ್ಟಡ ದುರಸ್ತಿ ಮಾಡಿದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನೋ ಸಂರಕ್ಷಣೆ ಕಲಿತ ಆರ್ಕಿಟೆಕ್ಟನ್ನೋ ಕರೆಸಿ ಎರಡನೇ ಅಭಿಪ್ರಾಯ ಪಡೆಯಿರಿ. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರನ್ನು ವಿಚಾರಿಸಿದರೆ ದಾರಿ ತೋರಿಸುತ್ತಾರೆ. 'ಒಡೆಸಿ' ಅಂದವರೇ ಹೊಸ ಮನೆಯ ಕಂಟ್ರಾಕ್ಟೂ ಕೇಳುತ್ತಿದ್ದರೆ, ಆ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ನೀವೇ ಲೆಕ್ಕ ಹಾಕಿ.

ಎಲ್ಲಿಂದ ಶುರು ಮಾಡಬೇಕು? ನೆಲವಾ, ಬಣ್ಣವಾ?

ಚಾವಣಿಯಿಂದ. ಯಾವಾಗಲೂ ಚಾವಣಿಯಿಂದ. ಸೋರುವ ಮನೆಯ ಗೋಡೆಗೆ ಬಣ್ಣ ಹೊಡೆಸುವುದು ದುಡ್ಡನ್ನು ಮೋರಿಗೆ ಹಾಕಿದಂತೆ.

ಮದ್ರಾಸ್ ತಾರಸಿ ಹೇಗೆ ಕಟ್ಟಿದ್ದಾರೆ ಎಂದು ತಿಳಿದರೆ ರಿಪೇರಿ ಸುಲಭ. ಗೋಡೆಯಿಂದ ಗೋಡೆಗೆ ತೊಲೆ. ಅದರ ಮೇಲೆ ಜಂತೆ. ಜಂತೆಯ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಬೆರೆಸಿದ ದಪ್ಪ ಪದರ. ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ಅದನ್ನು ದಿನಗಟ್ಟಲೆ ಬಡಿಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಎಲ್ಲಕ್ಕಿಂತ ಮೇಲೆ ಚಪ್ಪಟೆ ಹೆಂಚು.

ಸೋರಿದರೆ ಮೊದಲು ನೀರು ಹೋಗುವ ದಾರಿ ಬಿಡಿಸಿ. ಹೆಂಚಿನ ಸಂದಿಯ ಹಳೇ ಗಾರೆ ಕೆರೆದು ಹೊಸದಾಗಿ ಸುಣ್ಣ-ಸುರ್ಕಿಯಲ್ಲಿ (ಸುರ್ಕಿ ಅಂದರೆ ಇಟ್ಟಿಗೆ ಪುಡಿ) ತುಂಬಿಸಿ. ತಾರಸಿಗೂ ಕೈಪಿಡಿ ಗೋಡೆಗೂ ಸೇರುವ ಮೂಲೆಯಲ್ಲೇ ಬಿರುಕು ಜಾಸ್ತಿ, ಅಲ್ಲಿ ಕಣ್ಣಿಡಿ. ಮಾಡಬಾರದ್ದು ಎಂದರೆ ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಸುರಿಯುವುದು. ತೂಕ ಏರುತ್ತದೆ, ಒಳಗೆ ಸಿಕ್ಕ ನೀರು ಹೊರಬರದೆ ಮರವನ್ನು ತಿನ್ನುತ್ತದೆ. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ತುಂಬಿದರೆ ಒಂದು ಟನ್. ಅದು ತಾರಸಿಯ ನಡುವೆ ಕೂತಿದ್ದರೆ ಇವತ್ತೇ ಇಳಿಸಿ, ಹೊರಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ.

ಹೆಂಚಿನ ಮನೆಯಾದರೆ ಮುಂಗಾರಿಗೆ ಮುಂಚೆ ಒಡೆದ ಹೆಂಚು ಬದಲಾಯಿಸಿ, ಜಾರಿದ್ದನ್ನು ಕೂರಿಸಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಕಾರ್ಖಾನೆ ತೆರೆದಂದಿನಿಂದ ಹೆಂಚಿನ ಮಾದರಿ ಅಷ್ಟೇನೂ ಬದಲಾಗಿಲ್ಲ. ಆದರೆ ಕಂಪನಿಯಿಂದ ಕಂಪನಿಗೆ ಅಳತೆ ಸ್ವಲ್ಪ ಹೆಚ್ಚುಕಡಿಮೆ. ಒಂದು ಹೆಂಚು ಕೈಯಲ್ಲಿ ಹಿಡಿದುಕೊಂಡೇ ಗುಜರಿಗೆ ಹೋಗಿ. ಮಲ್ಲೇಶ್ವರದವರಿಗೆ ಮಂಗಗಳ ಕಾಟ ಬೇರೆ, ಹತ್ತಿಪ್ಪತ್ತು ಹೆಂಚು ಹಿತ್ತಲಲ್ಲಿ ಸದಾ ಇರಲಿ.

ತೇವದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹಾಕಿಸಿದೆವು. ಎರಡೇ ವರ್ಷಕ್ಕೆ ಉದುರಿತು. ಯಾಕೆ?

ಹಳೇ ಇಟ್ಟಿಗೆ ಮೆತ್ತಗೆ, ಸುಣ್ಣದ ಗಾರೆಯೂ ಮೆತ್ತಗೆ. ಗೋಡೆ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸಿಮೆಂಟ್ ಮೆತ್ತಿದರೆ ಬಿಡುವ ದಾರಿ ಮುಚ್ಚುತ್ತದೆ. ನೀರಿನ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಪ್ಲಾಸ್ಟರ್ ಬೀಳುವಾಗ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಪ್ಲಾಸ್ಟಿಕ್ ಪೇಂಟ್ ಮಾಡುವುದೂ ಇದನ್ನೇ.

ಕೆಳಗಿನ ಮೂರು ನಾಲ್ಕು ಅಡಿಯಲ್ಲಿ ಸಡಿಲವಾದ ಸಿಮೆಂಟ್ ತೆಗೆಸಿ. ಗೋಡೆ ಒಂದು ಬೇಸಿಗೆ ಬರಿಮೈಯಲ್ಲಿ ಒಣಗಲಿ. ಆಮೇಲೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣವನ್ನೇ ಬಳಿಯಿರಿ. ಗಟ್ಟಿಯಾಗಿ ಅಂಟಿಕೊಂಡಿರುವ ಸಿಮೆಂಟನ್ನು ಹಟ ಹಿಡಿದು ಕೀಳಬೇಡಿ, ಇಟ್ಟಿಗೆಗೆ ಪೆಟ್ಟು. ಹೊರಗೆ ಗೋಡೆಯ ಬುಡಕ್ಕೆ ಒಂದೆರಡು ಅಡಿ ಅಗಲ ಸಿಮೆಂಟ್ ಒಡೆಸಿ ಜಲ್ಲಿ ತುಂಬಿಸಿ. ಈ ಸಣ್ಣ ಕೆಲಸ ಕೆಲವು ಮನೆಗಳಲ್ಲಿ ಒಳಗಿನ ಪ್ಲಾಸ್ಟರಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುತ್ತಾರಾ?

ಹುಡುಕಿದರೆ ಸಿಗುತ್ತಾರೆ. ಈಚೆಗೆ ದುರಸ್ತಿಯಾದ ಹಳೇ ಮನೆ ಅಥವಾ ದೇವಸ್ಥಾನ ಕಂಡರೆ ಒಳಗೆ ಹೋಗಿ ಯಾರು ಮಾಡಿದರು ಎಂದು ಕೇಳಿ. ಮಾತಾಡುವಾಗ 'ಸುಣ್ಣ ಎಷ್ಟು ದಿನ ನೆನೆಸುತ್ತೀರಿ' ಅನ್ನಿ. 'ಇವತ್ತು ತಂದು ನಾಳೆ ಮೆತ್ತುತ್ತೇವೆ' ಅಂದವರನ್ನು ನಯವಾಗಿ ಕಳಿಸಿಬಿಡಿ. ಅರಳಿಸಿದ ಸುಣ್ಣ ವಾರಗಟ್ಟಲೆ ನೀರಿನಲ್ಲಿ ಕೂತಿರಬೇಕು. 'ಹಿಡಿತಕ್ಕೆ ಸ್ವಲ್ಪ ಸಿಮೆಂಟ್ ಸೇರಿಸೋಣ ಸಾರ್' ಎಂದು ಎಲ್ಲರೂ ಒಮ್ಮೆಯಾದರೂ ಹೇಳುತ್ತಾರೆ. ಬೇಡ ಅನ್ನಿ. ಮೊದಲು ಹಿಂದಿನ ಒಂದು ಗೋಡೆ ಮಾಡಿಸಿ ನೋಡಿ, ಆಮೇಲೆ ಮುಂಭಾಗ.

ರೆಡ್ ಆಕ್ಸೈಡ್ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಟೈಲ್ಸ್ ಹಾಕಿಸಿಬಿಡೋಣವಾ?

ಬೇಡ. ಬಿರುಕು ನೆಲದ ರೋಗ ಅಲ್ಲ. ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಎದ್ದು ಕಾಣುತ್ತದೆ. ನಿಜವಾಗಿಯೂ ಕಿತ್ತುಹೋಗಿದ್ದರೆ ಆ ಕೋಣೆಯದ್ದು ಪೂರ್ತಿ ಹೊಸದಾಗಿ ಮಾಡಿಸಿ. ಉಳಿದದ್ದಕ್ಕೆ ಆಸಿಡ್ ಮುಟ್ಟಿಸದೆ ಒರೆಸಿ, ಆಗಾಗ ಸ್ವಲ್ಪ ಕೊಬ್ಬರಿ ಎಣ್ಣೆ ಕೈಯಾಡಿಸಿ. ಹಬ್ಬದ ಹಿಂದಿನ ದಿನ ಮಾತ್ರ ಬೇಡ, ನೆಂಟರು ಜಾರುತ್ತಾರೆ.

ಮಂಕಿ ಟಾಪ್, ಹಳೇ ಬಾಗಿಲು, ಕಂಬಗಳನ್ನು ಕೊಳ್ಳುತ್ತೇವೆ ಎಂದು ಬರುತ್ತಾರೆ. ಕೊಡಬಹುದಾ?

ಮನೆ ನಿಂತಿರುವಾಗ ಕೊಡಬೇಡಿ. ಕಿಟಕಿಯ ಮೇಲೆ ಚೂಪಾಗಿ ಇಳಿದ ಮರದ ಪಟ್ಟಿಗಳ ಆ ಮರೆ ಮಳೆಯ ಎರಚಲನ್ನೂ ಮಧ್ಯಾಹ್ನದ ಬಿಸಿಲನ್ನೂ ತಡೆಯುವುದಕ್ಕೆ ಇರುವುದು. ತೆಗೆದರೆ ಕಿಟಕಿಯೂ ಹಾಳು. ಸಾಮಾನ್ಯವಾಗಿ ಕೆಳತುದಿಯಷ್ಟೇ ಕೊಳೆತಿರುತ್ತದೆ, ಒಳ್ಳೆಯ ಬಡಗಿ ಅಷ್ಟನ್ನೇ ಕತ್ತರಿಸಿ ಹೊಸ ಮರ ಬೆಸೆಯುತ್ತಾನೆ. ಇನ್ನು ಬೆಲೆ: ಇಡೀ ಮರಮುಟ್ಟಿಗೆ ಒಟ್ಟಾಗಿ ಒಂದು ಮೊತ್ತ ಹೇಳುತ್ತಾರೆ, ಕೇಳಲು ದೊಡ್ಡದಾಗಿರುತ್ತದೆ. ನಿಮ್ಮ ತೇಗದ ಕಂಬ ಯಾವುದೋ ರೆಸಾರ್ಟಿನಲ್ಲಿ ನಿಲ್ಲುವ ಹೊತ್ತಿಗೆ ಅದರ ಬೆಲೆ ಎಷ್ಟಾಗಿರುತ್ತದೆ ಎಂದು ಒಮ್ಮೆ ವಿಚಾರಿಸಿ.

ವಯಸ್ಸಾದ ಅಪ್ಪ ಅಮ್ಮನಿಗೆ ಹಿತ್ತಲ ಬಚ್ಚಲಿಗೆ ಹೋಗಲು ಆಗುವುದಿಲ್ಲ. ಹಳೇ ಮನೆಯಲ್ಲಿ ಅನುಕೂಲ ಮಾಡಿಕೊಳ್ಳಲು ಆಗುವುದಿಲ್ಲವಾ?

ಖಂಡಿತ ಆಗುತ್ತದೆ, ಆಗಬೇಕು. ಬಾತ್‌ರೂಮನ್ನು ಹಜಾರದ ಮೂಲೆಗೆ ತುರುಕದೆ, ಹಿಂಬದಿಯ ವರಾಂಡಕ್ಕೆ ಹೊಸದಾಗಿ ಅಂಟಿಸಿ ಕಟ್ಟಿ. ಪೈಪುಗಳು ಹಳೇ ಗೋಡೆಯೊಳಗೆ ಹೋಗದೆ ಹೊರಗೆ ಕಾಣುವಂತೆ ಇರಲಿ. ಚೆಂದ ಕಡಿಮೆ, ಸೋರಿದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ.

ವೈರಿಂಗ್ ಪೂರ್ತಿ ಬದಲಾಯಿಸಿ, ಇದರಲ್ಲಿ ಕಂಜೂಸುತನ ಬೇಡ. ಬೆಂಗಳೂರಿನ ಬೀದಿಗೆ 1905ರಲ್ಲೇ ಶಿವನಸಮುದ್ರದ ಕರೆಂಟ್ ಬಂದಿತ್ತು ಎಂಬ ಹೆಮ್ಮೆ ಇರಲಿ. ಆದರೆ ಮರದ ಪಟ್ಟಿಯ ಮೇಲೆ ಓಡಿದ ಹಳೇ ತಂತಿಗೆ ಗೀಸರ್, ಏಸಿ ಸಿಕ್ಕಿಸಿದರೆ ಬೆಂಕಿ ಬೀಳುತ್ತದೆ. ಮೇಲೆ ಮರದ ಚಾವಣಿ ಇದೆ, ನೆನಪಿರಲಿ.

ಅದರ ಮೇಲೇ ಒಂದು ಮಹಡಿ ಏರಿಸಬಹುದಾ?

ಹಳೇ ಗೋಡೆಯ ಮೇಲೆ ಬೇಡ. ಹಿತ್ತಲಲ್ಲಿ ಜಾಗ ಇದ್ದರೆ, ನಿಯಮ ಒಪ್ಪಿದರೆ, ಹಿಂದೆ ತನ್ನದೇ ಅಡಿಪಾಯದ ಮೇಲೆ ಹೊಸ ಭಾಗ ಕಟ್ಟಿ. ಮುಂದಿನ ಮನೆ ಹಾಗೇ ಉಳಿಯುತ್ತದೆ, ಮಗನ ಸಂಸಾರಕ್ಕೂ ಜಾಗ ಆಗುತ್ತದೆ. ಪಾಲಿನ ಜಗಳಕ್ಕೂ ಇದು ಎಷ್ಟೋ ಸಲ ಒಳ್ಳೆಯ ಮದ್ದು.

ಖರ್ಚು ಎಷ್ಟು ಬರುತ್ತದೆ?

ಚದರಕ್ಕೆ ಇಷ್ಟು ಎಂದು ಯಾರಾದರೂ ಮನೆ ನೋಡದೆ ಹೇಳಿದರೆ ನಂಬಬೇಡಿ. ಹೊಸ ಮನೆಯಲ್ಲಿ ಸಾಮಾನಿನ ಖರ್ಚು ಜಾಸ್ತಿ, ಇಲ್ಲಿ ಕೂಲಿ ಜಾಸ್ತಿ, ಸಮಯವೂ ಜಾಸ್ತಿ. ಒಟ್ಟು ಗುತ್ತಿಗೆ ಕೊಡಬೇಡಿ. ಚಾವಣಿ ಬಿಚ್ಚಿದ ಮೇಲೆ ಏನು ಸಿಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ, ಗುತ್ತಿಗೆದಾರ ನಷ್ಟವನ್ನು ಸಿಮೆಂಟಿನಲ್ಲಿ ಮುಚ್ಚುತ್ತಾನೆ. ಒಂದು ವರ್ಷ ಚಾವಣಿ, ಮುಂದಿನ ವರ್ಷ ಗೋಡೆ ಮತ್ತು ನೀರಿನ ದಾರಿ, ಆಮೇಲೆ ಮರದ ಕೆಲಸ. ಹೀಗೆ ಭಾಗ ಮಾಡಿಕೊಂಡರೆ ಸಾಲ ಇಲ್ಲದೆ ದಾಟಬಹುದು.

ಕೆಫೆಗೆ ಬಾಡಿಗೆಗೆ ಕೊಡುವುದು ಸರಿಯಾ?

ಬೀಗಕ್ಕಿಂತ ಕೆಫೆ ವಾಸಿ. ಮಲ್ಲೇಶ್ವರದ ವಿಲ್ಲಾ ಪೊಟ್ಟಿಪಾಟಿ ಎಂಬ ಹಳೇ ಮನೆ ಹೋಟೆಲಾಗಿ ನಡೆದದ್ದು ಈ ದಾರಿಗೆ ಒಳ್ಳೆಯ ಉದಾಹರಣೆ. ಆದರೆ ವಸತಿ ರಸ್ತೆಯಲ್ಲಿ ವ್ಯಾಪಾರಕ್ಕೆ ಅನುಮತಿ ಇದೆಯಾ ಮೊದಲು ನೋಡಿ. ಕರಾರಿನಲ್ಲಿ ಬರೆಸಿ: ಗೋಡೆ ಒಡೆಯುವಂತಿಲ್ಲ, ನೆಲ ಮುಚ್ಚುವಂತಿಲ್ಲ, ಅಡುಗೆಮನೆಯ ಎಣ್ಣೆ ಹೊಗೆ ತೊಲೆ ಕಡೆ ಬಿಡುವಂತಿಲ್ಲ, ಮಳೆಗಾಲಕ್ಕೆ ಮುಂಚೆ ತಾರಸಿ ಸ್ವಚ್ಛ ಮಾಡುವುದು ಅವರ ಹೊಣೆ. ಸಂಗೀತ ಪಾಠ, ಯೋಗ ತರಗತಿ, ಆರ್ಕಿಟೆಕ್ಟ್ ಕಚೇರಿಯವರು ಬಾಡಿಗೆ ಕಡಿಮೆ ಕೊಡಬಹುದು, ಮನೆಗೆ ಕೊಡುವ ಏಟು ಅದಕ್ಕಿಂತಲೂ ಕಡಿಮೆ.

ಇಡೀ ಮನೆ ಬಿಚ್ಚಿ ಬೇರೆ ಕಡೆ ಕಟ್ಟಬಹುದಂತೆ?

ಮರದ ಮನೆಯಾದರೆ ಆಗುತ್ತದೆ. ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಅದನ್ನೇ ಮಾಡಿದರು, ಕೆಡವಲು ಹೊರಟ ಮನೆಗಳನ್ನು ತುಂಡು ತುಂಡಾಗಿ ತಂದು ಮತ್ತೆ ನಿಲ್ಲಿಸಿದರು. ಚೆನ್ನೈ ಹತ್ತಿರದ ದಕ್ಷಿಣಚಿತ್ರ ವಸ್ತುಸಂಗ್ರಹಾಲಯದಲ್ಲಿ ಇಳಕಲ್ ನೇಕಾರರ ಮನೆಯೂ ಚಿಕ್ಕಮಗಳೂರಿನ ಮನೆಯೂ ಇವೆ. ನಮ್ಮ ಬೆಂಗಳೂರಿನ ಇಟ್ಟಿಗೆ-ಗಾರೆ ಮನೆಗೆ ಈ ದಾರಿ ಇಲ್ಲ. ಬಾಗಿಲು, ಕಂಬ, ತೊಲೆ ಹೋದಾವು, ಗೋಡೆ ಬರುವುದಿಲ್ಲ.

ಎಲ್ಲ ನೋಡಿದೆವು. ಕೆಡವದೆ ಬೇರೆ ದಾರಿ ಇಲ್ಲ. ಕೆಡವುವ ಮುಂಚೆ ಏನು ಮಾಡಬೇಕು?

ಪ್ರತಿ ಕೋಣೆಯ ನಾಲ್ಕು ಗೋಡೆ, ಚಾವಣಿ, ನೆಲ, ಬೀದಿ ಕಡೆಯ ಮುಖ, ಎಲ್ಲದರ ಫೋಟೋ ತೆಗೆಯಿರಿ. ಆರ್ಕಿಟೆಕ್ಚರ್ ಕಾಲೇಜೊಂದನ್ನು ಕೇಳಿದರೆ ವಿದ್ಯಾರ್ಥಿಗಳು ಬಂದು ಅಳತೆ ತೆಗೆದು ನಕ್ಷೆ ಮಾಡಿಕೊಡುತ್ತಾರೆ, ಅವರಿಗೂ ಅದು ಪಾಠ. ಅಟ್ಟದ ಮೇಲಿನ ಟ್ರಂಕು ತೆರೆಯದೆ ಗುಜರಿಗೆ ಹಾಕಬೇಡಿ. ಮೊದಲ ಮಂಜೂರಾತಿ ನಕ್ಷೆ, ಕಟ್ಟಿಸಿದಾಗಿನ ಲೆಕ್ಕದ ಪುಸ್ತಕ, ಹಳೇ ಕಂದಾಯ ರಸೀದಿ ಸಿಗುವುದು ಅಲ್ಲೇ.

ಮರಮುಟ್ಟನ್ನು ಕೆಡವುವ ಕಂಟ್ರಾಕ್ಟರ್ ಲೆಕ್ಕಕ್ಕೆ ಸೇರಿಸಬೇಡಿ. ಬೇರೆಯಾಗಿ ಎಣಿಸಿ, ಬೇರೆಯಾಗಿ ಮಾರಿ. ಹೊಸ ಮನೆಗೆ ಎರಡು ಬಾಗಿಲು, ಜಗಲಿಯ ಕಂಬ ಇಟ್ಟುಕೊಳ್ಳಬೇಕೆಂದಿದ್ದರೆ ಆರ್ಕಿಟೆಕ್ಟಿಗೆ ನಕ್ಷೆ ಹಾಕುವ ಮುಂಚೆಯೇ ಅಳತೆ ಕೊಡಿ, ಆಮೇಲೆ ಹೇಳಿದರೆ ಅವು ಗ್ಯಾರೇಜಿನಲ್ಲೇ ಕೂರುತ್ತವೆ. ಬಾವಿ ಮುಚ್ಚಬೇಡಿ, ತಾರಸಿಯ ಮಳೆನೀರನ್ನು ಅದಕ್ಕೇ ತಿರುಗಿಸಿ. ಹಿತ್ತಲಿನ ಮರ ಕಡಿಯಲು ಅನುಮತಿ ಬೇಕು, ಕಂಟ್ರಾಕ್ಟರ್ 'ನಾನು ನೋಡಿಕೊಳ್ಳುತ್ತೇನೆ' ಅಂದರೂ ಕಾಗದ ನಿಮ್ಮ ಕೈಗೆ ಬರುವ ತನಕ ಕೊಡಲಿ ಮುಟ್ಟಿಸಬೇಡಿ.